ಔರಾದದಲ್ಲಿ ಬಾಣ ಅಲುಗಲಿಲ್ಲ

೪ ನವೆಂಬರ್ ೨೦೨೪, ಸೋಮವಾರ. ಬೀದರ್

ಸ್ವಸ್ತಿ ಸಮಸ್ತ ತಂತುಜಾಲಾಶ್ರಯ, ಆಂಟೆನಾದ್ವಯಧಾರಿ, ಹಸಿರುದೀಪಾಲಂಕೃತ, ಕೆಂಪುದೀಪಭಯಂಕರ, ಧೂಳಿಧೂಸರಿತ, ಔರಾದ ಪಟ್ಟಣದ ಎಕ್ಸ್‌ರೇ ಕೋಣೆಯ ಗೋಡೆಯಲ್ಲಿ ಎರಡು ಮೊಳೆಗಳ ಮೇಲೆ ವಿರಾಜಮಾನರಾದ ಶ್ರೀಮನ್ಮಹಾರೌಟರ್ ಮಹಾರಾಜರ ಸನ್ನಿಧಿಗೆ, ಬೀದರ್ ನಗರದ ಖಾಸಿಂ ಅಲಿ ಸೇಟರ ಕಂಪ್ಯೂಟರ್ ಅಂಗಡಿಯ ನೆಟ್‌ವರ್ಕ್ ದಂಡನಾಯಕ, ನರ್ಸ್ ಮಾರ್ಗರೆಟಮ್ಮನ ಏಕೈಕ ಕುಲದೀಪಕ, ಇಪ್ಪತ್ಮೂರು ವರ್ಷದ ಶಾಲೋಮನು ನೆಲಕ್ಕೆ ಹಣೆ ಹಚ್ಚಿ ಮಾಡುವ ಬಿನ್ನಹ ಏನೆಂದರೆ: ನಾಳೆ ಬರ್ತೇನಿ. ಹುಷಾರಾಗಿರಿ.

ಇನ್ನು ವಿಷಯಕ್ಕೆ. ಒಂದು ಟ್ರಸ್ಟಿನವರು ಭಾಲ್ಕಿಯಲ್ಲೊಂದು, ಔರಾದದಲ್ಲೊಂದು ಸಣ್ಣ ದವಾಖಾನೆ ನಡೆಸುತ್ತಾರೆ. ಎರಡೂ ಕಡೆ ಎಕ್ಸ್‌ರೇ ಇದೆ. ಅದನ್ನು ಓದುವ ಡಾಕ್ಟರ್ ಒಬ್ಬರೇ, ಸುಮನ ಮೇಡಂ. ಅವರು ಕೂಡುವುದು ಬೀದರಿನ ಮುಖ್ಯ ಕಚೇರಿಯಲ್ಲಿ. ಇಲ್ಲಿಂದಲೇ ಅಲ್ಲಿಯ ಕಂಪ್ಯೂಟರನ್ನು ತಮ್ಮ ಪರದೆಯ ಮೇಲೆ ತೆರೆದು, ಅಲ್ಲಿಯ ಮೌಸಿನ ಬಾಣವನ್ನು ಇಲ್ಲಿಂದ ಓಡಿಸಿ, ಎಲುಬು ನೋಡಿ ವರದಿ ಬರೆಯಬೇಕು. ರಿಮೋಟ್ ಡೆಸ್ಕ್‌ಟಾಪ್ ಅಂತಾರಲ್ಲ, ಅದು. ಭಾಲ್ಕಿ ಸಿಗುತ್ತದೆ, ಔರಾದ ಸಿಗುವುದಿಲ್ಲ. ಎರಡು ತಿಂಗಳ ಹಿಂದೆ ಈ ಪದ್ಧತಿ ಶುರುವಾದಾಗಿನಿಂದ ಔರಾದದ ಕಡೆಯ ಮಂದಿ ಮುರಿದ ಕೈಯನ್ನು ಟವೆಲಿನಲ್ಲಿ ಕಟ್ಟಿಕೊಂಡು ಬೀದರ್ ಬಸ್ ಹತ್ತುತ್ತಿದ್ದಾರೆ. ೨೧ನೇ ತಾರೀಖು ಟ್ರಸ್ಟಿನ ಸಭೆ. ಅಷ್ಟರೊಳಗೆ ಔರಾದ ಸಿಗದಿದ್ದರೆ ಆ ಕೋಣೆಗೆ ಬೀಗ, ಮಷೀನು ಭಾಲ್ಕಿಗೆ.

ಸೇಟ್ ಅಂದರು, “ಮಿಯಾ, ನೀನ ಹೋಗು. ಮಸ್ಕಿರಿ ಮಾಡಬ್ಯಾಡ, ಕೆಲಸ ಮಾಡಿ ಬಾ.”

“ಸೇಟ್, ನಾ ಯಾವಾಗ ಮಸ್ಕಿರಿ ಮಾಡೀನ್ರಿ?”

ಅವರು ತಮ್ಮ ಕಂಪ್ಯೂಟರಿನ ಕಡೆ ಬೆರಳು ತೋರಿಸಿದರು. ಅದರ ಪರದೆ ಮೂರು ದಿನದಿಂದ ತಲೆಕೆಳಗಾಗಿದೆ. ಪಾಪ, ಕತ್ತು ಓರೆ ಮಾಡಿ ಓದುತ್ತಿದ್ದಾರೆ.

ಹೊರಡುವ ಮುಂಚೆ ಮನಶ್ಶಾಂತಿಗಾಗಿ ಭಾಲ್ಕಿಯ ಕಂಪ್ಯೂಟರಿಗೆ ಇಲ್ಲಿಂದ ಹೊಕ್ಕೆ. ಅಲ್ಲಿ ಎಕ್ಸ್‌ರೇ ತೆಗೆಯುವವನು ಮಾಣಿಕ, ನನ್ನ ಓರಗೆಯವನು. ನಾವು ಹಾಕಿದ ಪ್ರೋಗ್ರಾಮಿನಲ್ಲಿ ಅಲ್ಲಿ ಕೂತವರಿಗೂ ಬಾಣ ಓಡುವುದು ಕಾಣುತ್ತದೆ. ಅವನ ಬಾಣವನ್ನು ಮದುವಣಗಿತ್ತಿಯ ಹಾಗೆ ಮೆಲ್ಲಗೆ ಮೂಲೆಗೆ ನಡೆಸಿ, ಅಲ್ಲಿ ಎರಡು ಸಲ ತಲೆಬಾಗಿಸಿದೆ. ಎರಡು ನಿಮಿಷಕ್ಕೆ ಫೋನ್: “ಲೇ ಶಾಲೋಮ, ನಿನ್ನೆ ಮಾನಿಟರಿಗೆ ಲಿಂಬಿಹಣ್ಣು ಕಟ್ಟೀನಿ, ಅದಕ್ಕೂ ಅಂಜಲ್ಲೇನ್ ನೀ?”

೫ ನವೆಂಬರ್, ಮಂಗಳವಾರ. ಔರಾದ

ಕೌಸಲ್ಯಾಬಾಯಿ ಔರಾದದವರೇ. ಐವತ್ತೈದು ವರ್ಷ, ಅದರಲ್ಲಿ ಹದಿನಾಲ್ಕು ಈ ಎಕ್ಸ್‌ರೇ ಕೋಣೆಯಲ್ಲಿ. ಊರೆಲ್ಲ ಅವರನ್ನು ಮೌಶಿ, ಅಂದರೆ ಚಿಕ್ಕಮ್ಮ, ಅನ್ನುತ್ತದೆ. ಕೋಣೆಗೆ ಬೀಗ ಬಿದ್ದರೆ ಅವರ ನೌಕರಿಗೂ ಬೀಗ. ನನ್ನ ಟೂಲ್‌ಕಿಟ್ಟಿನ ಮೇಲಿನ ತಲೆಬುರುಡೆ ಸ್ಟಿಕ್ಕರನ್ನು ಬಹಳ ಹೊತ್ತು ನೋಡಿದರು.

“ಇದರ ಎಕ್ಸ್‌ರೇ ತೆಗೀಬೇಕೇನಪ್ಪ?”

ಯುದ್ಧ ಶುರು. ಕಂಪ್ಯೂಟರಿನೊಳಗೆ ಫೈರ್‌ವಾಲ್ ಎಂಬ ದ್ವಾರಪಾಲಕ ಇರುತ್ತಾನೆ. ಅವನು ಈ ದವಾಖಾನೆಯನ್ನು ಬಸ್‌ಸ್ಟ್ಯಾಂಡ್ ಅಂದುಕೊಂಡು ಬಂದವರನ್ನೆಲ್ಲ ಕಿಸೆಗಳ್ಳರ ಹಾಗೆ ನೋಡುತ್ತಿದ್ದ. ‘ಇದು ಮನಿ, ಇವರು ನಮ್ಮ ಮಂದಿ’ ಅಂತ ತಿಳಿಹೇಳಿದೆ. ಆಮೇಲೆ ಮಹಾರೌಟರ್ ಮಹಾರಾಜರ ಹೊಟ್ಟೆಗೆ ಹೊಕ್ಕು, ೫೯೦೦ ನಂಬರಿನ ಬಾಗಿಲು ತೆರೆದು, ‘ಇಲ್ಲಿಗೆ ಬಂದವರನ್ನು ಎಕ್ಸ್‌ರೇ ಕಂಪ್ಯೂಟರಿಗೆ ಕಳಿಸತಕ್ಕದ್ದು’ ಎಂದು ಫರ್ಮಾನು ಬರೆದೆ. ಬಾಜು ಕೋಣೆಯ ಲ್ಯಾಪ್‌ಟಾಪಿನಿಂದ ಒತ್ತಿದೆ. ಬಂತು! ಪರದೆ ಬಂತು! ಕೂಗಿದ್ದಕ್ಕೆ ಹೊರಗೆ ಚೀಟಿ ಹಿಡಿದು ಕೂತವರೆಲ್ಲ ಎದ್ದು ನಿಂತರು.

ಮೌಶಿ ಬಂದು ನೋಡಿದರು. “ಬಾಜು ಖೋಲಿಯಿಂದ ನೋಡಾಕ ಕಂಪ್ಯೂಟರ್ ಯಾಕ ಬೇಕು? ಕುತ್ತಿಗಿ ಹೊರಳಿಸಿದ್ರ ಆತಲ್ಲ.”

ಬೀದರಿನಿಂದ ಸುಮನ ಮೇಡಂ ಒತ್ತಿದರು. ಬರಲಿಲ್ಲ. ಮತ್ತೆ ಒತ್ತಿದರು. ಇಲ್ಲ. ಹನ್ನೊಂದು ಸಲ. ನಾನು ಬಾಗಿಲಿನ ನಂಬರ್ ಬದಲಿಸಿದೆ, ರೌಟರನ್ನು ಆರಿಸಿ ಹಚ್ಚಿದೆ, ಕೊನೆಗೆ ಅದಕ್ಕೆ ಎರಡು ಕೈ ಮುಗಿದೆ. ಸಂಜೆಯ ಬಸ್ಸಿನಲ್ಲಿ ಸಂತಪುರದ ತನಕ ನಿಂತೇ ಬಂದೆ. ಸೋತ ದಂಡನಾಯಕನಿಗೆ ಸೀಟು ಯಾರು ಕೊಡ್ತಾರೆ?

೭ ನವೆಂಬರ್, ಗುರುವಾರ. ಭಾಲ್ಕಿ

ರಹಸ್ಯ ಸಿಕ್ಕಿತು! ಔರಾದದ ರೌಟರ್ ‘ಇಂಟರ್ನೆಟ್ಟಿನಲ್ಲಿ ನನ್ನ ಮನೆ ನಂಬರ್ ಇದು’ ಅಂತ ಒಂದನ್ನು ಹೇಳುತ್ತದೆ, ಹೊರಗಿನ ಜಗತ್ತಿಗೆ ಬೇರೆಯೇ ಕಾಣುತ್ತದೆ. ಎರಡು ಹೆಸರಿನ ಆಸಾಮಿ! ಇಂಟರ್ನೆಟ್ ಲೈನ್ ಕೊಟ್ಟ ಫಿರೋಜ ಭಾಯಿಯನ್ನು ಹಿಡಿಯಲು ಭಾಲ್ಕಿಗೆ ಓಡಿದೆ. ಮೂರೂ ಊರಿನಲ್ಲಿ ಟ್ರಸ್ಟಿಗೆ ತಂತಿ ಎಳೆದವನು ಅವನೇ. ಸ್ಟೇಷನ್ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ನಡುವೆ ಕಂಬ ಹತ್ತಿದ್ದ. ಕೆಳಗಿನಿಂದಲೇ ವಿಚಾರಣೆ ನಡೆಸಿದೆ.

“ಭಾಯ್, ಔರಾದಕ್ಕ ಸ್ವಂತ ನಂಬರ್ ಇಲ್ಲೇನು?”

“ಎಲ್ಲೀದು? ಭಾಲ್ಕಿ ದವಾಖಾನಿಗಿ ಅದ. ಔರಾದದಾಗ ಇಡೀ ಓಣಿಗಿ ಒಂದೇ ನಂಬರ್. ಮುನ್ನೂರು ಮನಿ, ಒಂದೇ ದರವಾಜಾ.”

“ಹಂಗಾದ್ರ ಹೊರಗಿಂದ ಬಡದ್ರ ಯಾರ ಮನಿಗಿ ಹೋಗ್ತದ?”

“ಯಾರ ಮನಿಗೂ ಇಲ್ಲ. ದರವಾಜಾದಾಗೇ ನಿಲ್ತದ.” ಕಂಬದ ಮೇಲಿಂದ ನಕ್ಕ. “ನೀ ಒಳಗ ಎಷ್ಟು ಬಾಗಿಲ ತೆರದ್ರೂ, ಊರ ಅಗಸಿನ ಮುಚ್ಚೇದ ನೋಡು ಶಾಲೋಮ ಭಾಯ್.”

ಸ್ವಂತ ನಂಬರು ಔರಾದಕ್ಕೆ ಬರಲು ಹೊಸ ವರ್ಷ ಆಗಬೇಕಂತೆ. ನಮಗಿರುವುದು ಎರಡು ವಾರ.

೮ ನವೆಂಬರ್, ಶುಕ್ರವಾರ. ಔರಾದ

ಆನಂದವೋ ಆನಂದ!

ಮೌಶಿಗೆ ಸೋಲನ್ನು ವಿವರಿಸಲು ಹೋಗಿದ್ದೆ. ಮುನ್ನೂರು ಮನೆ, ಒಂದು ಅಗಸಿಬಾಗಿಲು, ಎಲ್ಲ ಹೇಳಿದೆ. ಅವರು ರೋಗಿಯ ಕೈಯನ್ನು ಪ್ಲೇಟಿನ ಮೇಲೆ ನೇರ ಮಾಡುತ್ತಾ ಕೇಳುತ್ತಿದ್ದರು.

“ಹೊರಗಿನವರು ಬಡದ್ರ ಅಗಸಿ ತೆಗ್ಯಂಗಿಲ್ಲ. ಖರೇ. ಒಳಗಿನವರು ಹೊರಗ ಹೋಗಬೌದೋ ಇಲ್ಲೋ?”

“ಹೋಗಬೌದ್ರಿ. ಮೊಬೈಲಿನಾಗ ಸೀರಿಯಲ್ ನೋಡ್ತೀರಲ್ಲ, ಅದು ಒಳಗಿಂದ ಹೊರಗ ಹೋಗೇ ತರೋದು.”

“ಮತ್ತ ನಮ್ಮ ಕಂಪ್ಯೂಟರೇ ಮುಂಜಾನಿ ಎದ್ದು ಬೀದರಿಗಿ ಹೋಗಿ, ಡಾಕ್ಟರಬಾಯಿ ಕೈ ಹಿಡಕೊಂಡು ನಿಲ್ಲಲಿ. ಅವರು ಯಾಕ ಬಂದು ಬಡೀಬೇಕು? ತಮ್ಮಾ, ಉಸಿರು ಹಿಡಿ. ನಿನಗಲ್ಲ, ಅವಗ ಹೇಳಿದ್ದು.”

ನಾನೂ ಹಿಡಿದುಕೊಂಡೆ. ಅದೇ! ಅದೇ ಸುರಂಗ! ಔರಾದದಿಂದಲೇ ಬೀದರಿಗೆ ಕರೆ ಹೋಗಬೇಕು, ಆ ಕರೆಯನ್ನು ಇಟ್ಟುಕೊಂಡೇ ಇರಬೇಕು, ಅದರೊಳಗಿಂದ ಡಾಕ್ಟರು ನುಸುಳಿ ಬರಬೇಕು. ಇದಕ್ಕೆ ದೊಡ್ಡ ದೊಡ್ಡ ಹೆಸರುಗಳಿವೆ, ನಾನು ಎರಡು ಸಲ ಓದಿಯೂ ಇದ್ದೆ. ಹೊಳೆದದ್ದು ಮಾತ್ರ ಹತ್ತನೇ ಇಯತ್ತೆ ಓದಿದ ಮೌಶಿಗೆ. ಅವರ ಕಾಲಿಗೆ ಬೀಳಲು ಹೋದೆ. “ಆಚಿಗಿ ಸರಿ, ಎಕ್ಸ್‌ರೇ ಮಷೀನ್ ಚಾಲೂ ಅದ” ಅಂದರು.

೧೧ ನವೆಂಬರ್, ಸೋಮವಾರ. ಔರಾದ

ದಿಗ್ವಿಜಯ! ದಿಗ್ವಿಜಯ! ಬೆಳಿಗ್ಗೆ ೧೧:೪೦ಕ್ಕೆ ಸುಮನ ಮೇಡಂ ಬೀದರಿನಲ್ಲಿ ಒತ್ತಿದರು, ಔರಾದದ ಬಾಣ ತಾನೇ ಎದ್ದು ನಡೆಯಿತು. ಮೌಶಿ ಕುರ್ಚಿ ಹಿಂದೆ ಸರಿಸಿ, ಸೆರಗು ಹೊದ್ದು, ಪರದೆಗೆ “ಬರ್ರಿ ಡಾಕ್ಟರಬಾಯಿ” ಅಂದರು. ಊಟದ ಹೊತ್ತಿಗೆ ಮೂರು ಎಕ್ಸ್‌ರೇ ಓದಿಸಿದೆವು. ಒಬ್ಬ ಅಜ್ಜ, “ಇಷ್ಟೇನಾ? ನಾ ಬೀದರಿಗಿ ಹೋಗೋದಕ್ಕ ಹೊಸ ಧೋತ್ರ ಉಟ್ಟೀನಲ್ಲ” ಅಂತ ಬೇಜಾರಾಗಿ ಹೋದ.

ವಿಜಯದ ಶೋಭೆಗಾಗಿ ಭಾಲ್ಕಿಯನ್ನೂ ಇದೇ ಸುರಂಗವ್ಯೂಹಕ್ಕೆ ಸೇರಿಸಿದೆ. ಅಲ್ಲಿ ಬೇಕಿರಲಿಲ್ಲ. ಆದರೆ ಸಾಮ್ರಾಜ್ಯ ಅಂದಮೇಲೆ ಏಕಚ್ಛತ್ರ ಇರಬೇಕಲ್ಲ.

ಆಮೇಲೆ ಬಾಜು ಕೋಣೆಯಿಂದ ಮೌಶಿಯ ಪರದೆಯ ಮೇಲೆ ಬರೆದೆ: ‘ಕೌಸಲ್ಯಾಬಾಯಿ, ನಾನು ಎಲುಬಿನೊಳಗಿನ ಭೂತ. ನನಗೆ ಚಹಾ ಬೇಕು.’ ಅವರು ಚಹಾ ತಂದರು. ಅದಕ್ಕೆ ಉಪ್ಪು ಹಾಕಿದ್ದರು. ಕುಡಿದೆ. ಯೋಗ್ಯ ಎದುರಾಳಿ.

೧೩ ನವೆಂಬರ್, ಬುಧವಾರ. ಬೀದರ್

ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಮಧ್ಯಾಹ್ನ ಬೀದರಿನಲ್ಲಿ ಸುಮನ ಮೇಡಂ ಕುರ್ಚಿಯ ಹಿಂದೆ ಕೈ ಕಟ್ಟಿ ನಿಂತಿದ್ದೆ, ನನ್ನ ಕೆಲಸವನ್ನು ನಾನೇ ಮೆಚ್ಚುತ್ತಾ. ಔರಾದದಲ್ಲಿ ಚಿಂತಾಕಿಯ ಕೇಶರಬಾಯಿ ಎಂಬಾಕೆ ಟ್ರ್ಯಾಕ್ಟರ್ ಟ್ರಾಲಿಯಿಂದ ಬಿದ್ದು ಬಂದಿದ್ದರು. ಮೌಶಿ ಬಲಗಾಲಿನ ಚಿತ್ರ ತೆಗೆದು ಫೋನ್ ಮಾಡಿದರು. ಮೇಡಂ ‘ಔರಾದ’ ಒತ್ತಿದರು, ಕಾಲಿನ ಚಿತ್ರ ಬಂತು. ರೋಗಿಯ ಹೆಸರು ಇರಲಿಲ್ಲ. ಯಾವಾಗಲೂ ಇರುವುದಿಲ್ಲ. ಮೊದಲು ಚಿತ್ರ, ಆಮೇಲೆ ಹೆಸರು ಬರೆಯುವುದು ಎರಡೂ ಊರಿನ ರೂಢಿ.

“ಎಲುಬಿಗಿ ಏನೂ ಆಗಿಲ್ಲ ಮೌಶಿ. ಪಟ್ಟಿ ಕಟ್ಟಿ ಕಳಿಸ್ರಿ, ನಡದಾಡ್ಲಿ.”

ಮೌಶಿ ಕೇಳಿದರು, “ಡಾಕ್ಟರಬಾಯಿ, ದೊಡ್ಡದು ಮಾಡಿ ನೋಡಿದ್ರಿ?”

“ಈಗ ಅದೇ ಮಾಡ್ಲಾಕತ್ತೀನಿ.”

“ಇಲ್ಲಿ ಬಾಣ ಅಲುಗಿಲ್ರಿ.”

ಮೇಡಂ ನನ್ನ ಕಡೆ ತಿರುಗಿದರು.

“ಮತ್ತ ನನ್ನ ಮುಂದಿನ ಎಲುಬಿನಾಗ ಗೆರಿ ಕಾಣ್ತದ್ರಿ,” ಅಂದರು ಮೌಶಿ. “ನಾ ಡಾಕ್ಟರ್ ಅಲ್ಲ. ಆದರ ಹದಿನಾಲ್ಕು ವರ್ಷ ನೋಡೀನಿ. ಈಕೀಗಿ ನಾ ನಡಿಯಾಕ ಬಿಡಂಗಿಲ್ಲ.”

ಮೇಡಂ ನೋಡಿದ್ದು ಭಾಲ್ಕಿಯ ಕಾಲು. ಔರಾದದಲ್ಲಿ ಚಿತ್ರ ತೆಗೆದ ಮೇಲೆ ಕರೆಂಟು ಹೋಗಿ ರೌಟರ್ ಆರಿತ್ತು, ಕಂಪ್ಯೂಟರ್ ಮಾತ್ರ ಬ್ಯಾಟರಿಯ ಮೇಲೆ ಉರಿಯುತ್ತಿತ್ತು. ಔರಾದ ಅಂತ ಕರೆದರೆ ಭಾಲ್ಕಿ ಓಗೊಟ್ಟಿತ್ತು. ಮಾಣಿಕನಿಗೆ ಫೋನ್ ಮಾಡಿದೆ.

“ಹೌದಪ್ಪ, ನನ್ನ ಬಾಣ ತಾನ ಓಡ್ತು, ಚಿತ್ರ ದೊಡ್ಡದಾತು. ನೀನ ಮಸ್ಕಿರಿ ಮಾಡ್ಲಾಕತ್ತಿ ಅಂತ ನಾ ನಕ್ಕೋತ ಕೂತಿದ್ದೆ.”

ಕೇಶರಬಾಯಿಯ ಮೊಣಕಾಲ ಕೆಳಗೆ ಎಲುಬು ಸೀಳಿದೆ. ಗಾಡಿ ಮಾಡಿ ಬೀದರಿಗೆ ತಂದರು. ಪ್ಲಾಸ್ಟರ್ ಹಾಕುವವರೆಗೆ ಹೊರಗೆ ನಿಂತಿದ್ದೆ. ನನ್ನನ್ನು ಯಾರೋ ಸಂಬಂಧಿಕ ಅಂದುಕೊಂಡು ಆಕೆ ನೀರು ಕೇಳಿದರು.

೧೪ ನವೆಂಬರ್, ಗುರುವಾರ. ಔರಾದ

ಎರಡು ಕಂಪ್ಯೂಟರಿಗೂ ಒಂದೇ ಹೆಸರು, ಒಂದೇ ಒಳನಂಬರು. ಬೇರೆ ಬೇರೆ ದಾರಿಯಲ್ಲಿ ಇದ್ದಾಗ ನಡೆಯಿತು. ಒಂದೇ ಸುರಂಗಕ್ಕೆ ಸೇರಿಸಿದ ದಿನದಿಂದ, ಒಂದು ಸತ್ತರೆ ಇನ್ನೊಂದು ‘ನಾನೇ’ ಅನ್ನುತ್ತಿತ್ತು.

ಟ್ರಸ್ಟಿನ ಅಧ್ಯಕ್ಷರಾದ ರಾಜರತ್ನ ಸರ್ ಫೋನ್ ಮಾಡಿದ್ದರು. “ಇದು ಆ ಲೈನಿನವಂದೇ ತಪ್ಪು, ಹೌದಲ್ಲೊ?” ಅಂದರು. ನಾನು “ನೋಡ್ತೇನ್ರಿ ಸರ್” ಅಂದೆ. ಅಂದರೆ ಅಲ್ಲ ಅನ್ನಲಿಲ್ಲ.

ಔರಾದದ ಕಂಪ್ಯೂಟರನ್ನು ಹಿಂದೆ ತಿರುಗಿಸಿದೆ. ಹಿಂಬದಿಯಲ್ಲಿ ಚೀಟಿ: ‘೧೨ ಮಾರ್ಚ್. ಸಿದ್ಧಪಡಿಸಿದವರು: ಗಣಕಸಾರ್ವಭೌಮ ಶಾ.’ ಕೆಳಗೆ ಕಿರೀಟದ ಚಿತ್ರ.

ನಾನೇ. ಭಾಲ್ಕಿಯದನ್ನು ತಯಾರು ಮಾಡಿ, ಅದರ ಡಿಸ್ಕನ್ನು ಇಡಿಯಾಗಿ ಔರಾದದ್ದಕ್ಕೆ ನಕಲು ಹೊಡೆದಿದ್ದೆ. ಆಮೇಲೆ ಹೆಸರು, ನಂಬರು ಬದಲಿಸಬೇಕು. ಐದು ನಿಮಿಷದ ಕೆಲಸ. ಆ ಐದು ನಿಮಿಷ ಎಲ್ಲಿ ಹೋಯಿತು ಅಂತ ನೆನಪಿದೆ. ಸೇಟರ ಊಟದ ಡಬ್ಬಿಯಲ್ಲಿ ರಬ್ಬರ್ ಹಲ್ಲಿ ಇಡುತ್ತಿದ್ದೆ.

ಚೀಟಿ ಕಿತ್ತು ಕಿಸೆಗೆ ಹಾಕಿಕೊಂಡೆ. ಮೌಶಿ ಅಲ್ಲೇ ಇದ್ದರು, ನೋಡಿದರು.

೧೬ ನವೆಂಬರ್, ಶನಿವಾರ. ಔರಾದ, ಭಾಲ್ಕಿ

ಔರಾದದ ಕಂಪ್ಯೂಟರಿಗೆ ಹೊಸ ಹೆಸರು, ಹೊಸ ನಂಬರು. ಅದರ ಪರದೆಗೆ ಹಸಿರು ಬಣ್ಣ, ಭಾಲ್ಕಿಗೆ ಹಳದಿ, ಕಣ್ಣಿಗೇ ತಿಳಿಯಲಿ ಅಂತ. ಹೆಸರು ಬರೆಯದೆ ಚಿತ್ರ ತೆಗೆಯಲು ಬಾರದ ಹಾಗೆ ಮಾಡಿದೆ. ಮಾಣಿಕ ಗೊಣಗಿದ. ಗೊಣಗಲಿ.

ಇನ್ನೊಂದು ಮೌಶಿಯ ಕಾನೂನು. ಡಾಕ್ಟರು ಒಳಗೆ ಬಂದೊಡನೆ ಬಾಣವನ್ನು ಮೂರು ಸುತ್ತು ತಿರುಗಿಸಬೇಕು. ಈ ಕಡೆಯವರು ಫೋನಿನಲ್ಲಿ “ಬಂತ್ರಿ” ಅನ್ನಬೇಕು, ರೋಗಿಯ ಹೆಸರು ಹೇಳಬೇಕು. “ಬಂತ್ರಿ” ಕೇಳದೆ ಎಲುಬು ನೋಡುವಂತಿಲ್ಲ.

“ಮಂದಿ ಮನಿಗಿ ಹೋದ್ರ ‘ಯಾರದಾರ್ರಿ’ ಅಂತ ಕೇಳಂಗಿಲ್ಲೇನು? ಇದೂ ಹಂಗೇ,” ಅಂದರು.

ಅಂಗಡಿಯಲ್ಲಿ ಸೇಟ್ ನನ್ನ ಹಣೆ ಮುಟ್ಟಿ ನೋಡಿದರು. “ಬೇಟಾ, ನಾಕು ದಿನ ಆತು, ನನ್ನ ಕಂಪ್ಯೂಟರ್ ಸೀದಾ ನಿಂತದ. ಜ್ವರ ಬಂದಾವೇನು?” ಏನು ಹೇಳ್ತಾರೋ. ಕೆಲಸ ಇತ್ತು, ಅಷ್ಟೇ.

೧೮ ನವೆಂಬರ್, ಸೋಮವಾರ. ಔರಾದ

ಇವತ್ತು ಬೇಕಂತಲೇ ಕೆಡಿಸುವ ದಿನ!

ಮೌಶಿ ರೌಟರಿನ ಪ್ಲಗ್ ಕಿತ್ತರು. ನಾನು ಫೋನಿನಲ್ಲಿ, “ಮೇಡಂ, ಈಗ ಔರಾದ ಒತ್ರಿ.”

“ಒತ್ತಿದೆ.”

“ಏನ್ ಬಂತು?”

“ಏನೂ ಬರಲಿಲ್ಲ. ‘ಸಂಪರ್ಕ ಸಾಧ್ಯವಾಗಲಿಲ್ಲ’ ಅಂತದ.”

“ಭಾಲ್ಕಿ ಬರಲಿಲ್ಲಲ್ಲ? ಖರೇ ಬರಲಿಲ್ಲಲ್ಲ?”

“ಇಲ್ಲಪ್ಪ, ಯಾವ ಊರೂ ಬರಲಿಲ್ಲ.”

ಕುಣಿದೆ! ಇಷ್ಟು ವರ್ಷದ ಕಸುಬಿನಲ್ಲಿ ‘ಸಾಧ್ಯವಾಗಲಿಲ್ಲ’ ಎಂಬ ಮಾತಿಗೆ ನಾನು ಕುಣಿದದ್ದು ಇದೇ ಮೊದಲು. ಪ್ಲಗ್ ಹಾಕಿದೆವು, ಒಂದು ನಿಮಿಷಕ್ಕೆ ಹಸಿರು ಪರದೆ, ಬಾಣ ಮೂರು ಸುತ್ತು. “ಬಂತ್ರಿ!” ಮತ್ತೆ ಕಿತ್ತೆವು. ಮತ್ತೆ ಹಾಕಿದೆವು. ಒಂಬತ್ತು ಸಲ. ಹತ್ತನೆಯ ಸಲ ಮೌಶಿ ಪ್ಲಗ್ ತಮ್ಮ ಕೈಯಲ್ಲೇ ಹಿಡಿದುಕೊಂಡರು. “ಸಾಕು ತಮ್ಮಾ, ಪ್ಲಗ್ ಸವದು ಹೋಗ್ತದ.”

ಬೀದರಿಗೆ ಬರುವಾಗ ಕೇಶರಬಾಯಿಯ ಸುದ್ದಿ ಕೇಳಲು ಮರೆತಿದ್ದೆ. ಸಂತಪುರದಲ್ಲಿ ನೆನಪಾಗಿ ಮೌಶಿಗೆ ಫೋನ್ ಮಾಡಿದೆ. ನಿದ್ದೆ ಛಲೋ ಬರ್ತದಂತೆ.

೨೦ ನವೆಂಬರ್, ಬುಧವಾರ. ಬೀದರ್

ನಾಳೆ ಸಭೆ. ರಾಜರತ್ನ ಸರ್ ಫಿರೋಜನ ಲೈನನ್ನು ಮೂರೂ ಊರಿನಿಂದ ತೆಗೆಸುತ್ತಾರಂತೆ. ಅವನಿಗೂ ಬುಲಾವು ಹೋಗಿದೆ. ಚೀಟಿ ಇನ್ನೂ ಕಿಸೆಯಲ್ಲಿದೆ. ಅಮ್ಮ ಅಂಗಿ ಒಗೆಯಲು ಕೇಳಿದಳು, ಕೊಡಲಿಲ್ಲ.

೨೧ ನವೆಂಬರ್, ಗುರುವಾರ. ಬೀದರ್

ಉಳಿಯಿತು! ಔರಾದದ ಕೋಣೆ ಉಳಿಯಿತು!

ಸಭೆಯ ದೊಡ್ಡ ಮೇಜಿನ ಮೇಲೆ ಸುಮನ ಮೇಡಂ ಕಂಪ್ಯೂಟರ್, ಅದರ ಬಾಜು ಸ್ಪೀಕರ್ ಹಚ್ಚಿದ ಫೋನು, ಆ ಕಡೆ ಔರಾದದಲ್ಲಿ ಮೌಶಿ. ಬಾಣ ಮೂರು ಸುತ್ತು ತಿರುಗಿತು. “ಬಂತ್ರಿ! ಇವರು ಸುಮಿತ್ರಾಬಾಯಿ, ಎಡಗೈ.” ಮೇಡಂ ನೋಡಿ ಬರೆದರು. ಹೀಗೆ ನಾಲ್ಕು ಮಂದಿ, ನಾಲ್ಕು ವರದಿ, ಇಪ್ಪತ್ತೆರಡು ನಿಮಿಷ. ನಡುವೆ ಔರಾದದಲ್ಲಿ ನಿಜವಾಗಿಯೂ ಕರೆಂಟು ಹೋಯಿತು, ಪರದೆ ಕಪ್ಪಾಯಿತು. ಎಲ್ಲರೂ ನನ್ನ ಮುಖ ನೋಡಿದರು. ನನ್ನ ಹೃದಯ ರೌಟರಿನ ಕೆಂಪು ದೀಪದ ಹಾಗೆ ಮಿಣುಕುತ್ತಿತ್ತು. ಎರಡು ನಿಮಿಷ. ಹಸಿರು. ಮೂರು ಸುತ್ತು. “ಬಂತ್ರಿ!” ಇಡೀ ಸಭೆಯೇ “ಬಂತು” ಅಂದಿತು, ರಾಜರತ್ನ ಸರ್ ಕೂಡ.

“ಔರಾದ ಇರ್ಲಿ,” ಅಂದರು ಅವರು. “ಮೌಶಿ, ಕೇಳಿಸ್ತೇನ್ರಿ? ಖೋಲಿ ನಿಮ್ಮದೇ.” ಫೋನಿನಲ್ಲಿ ಮೂಗು ಒರೆಸಿಕೊಂಡ ಸದ್ದು.

ಆಮೇಲೆ ಸರ್ ಕಾಗದ ತಿರುವಿದರು. “ಇನ್ನ ೧೩ನೇ ತಾರೀಖಿನ ಗಡಬಡ. ಲೈನಿನವರ ತಪ್ಪು. ಫಿರೋಜ, ಏನಾರ ಹೇಳೋದದೇನು?”

ಫಿರೋಜ ಭಾಯ್ ಎದ್ದು ನಿಂತ. ಅವನು ಬಾಯಿ ತೆರೆಯುವ ಮುಂಚೆ ನಾನು ಎದ್ದೆ.

“ಸರ್, ಅವಂದಲ್ರಿ. ನಂದು.” ಚೀಟಿಯನ್ನು ಮೇಜಿನ ಮೇಲಿಟ್ಟೆ. ನಕಲು ಹೊಡೆದದ್ದು, ಬದಲಿಸದೆ ಬಿಟ್ಟದ್ದು, ಭಾಲ್ಕಿಯನ್ನು ಸುಮ್ಮನೆ ಸೇರಿಸಿದ್ದು, ಮಾಣಿಕನ ಬಾಣ ಓಡಿಸಿ ಅವನಿಗೆ ನಗುವ ಚಟ ಹಿಡಿಸಿದ್ದು, ಸರ್ ಕೇಳಿದಾಗ ಬಾಯಿ ಮುಚ್ಚಿಕೊಂಡದ್ದು, ಎಲ್ಲ ಹೇಳಿದೆ. ಹಲ್ಲಿಯನ್ನೂ ಹೇಳಿಬಿಟ್ಟೆ. ಯಾರೂ ಕೇಳಿರಲಿಲ್ಲ.

ಚೀಟಿ ಮೇಜಿನ ಸುತ್ತ ಹೋಯಿತು. ಪ್ರತಿಯೊಬ್ಬರೂ ಕಿರೀಟದ ಚಿತ್ರ ನೋಡಿದರು. ನನ್ನ ಬಾಜು ಕೂತಿದ್ದ ಸೇಟ್ ಎದ್ದು, “ಸರ್, ಪೋರ ನಮ್ಮವ, ಗಲ್ತಿನೂ ನಮ್ದೇ,” ಅಂದರು. ನನ್ನ ಕಡೆ ತಿರುಗಿ ಮೆಲ್ಲಗೆ, “ಅದು ರಬ್ಬರಿಂದಾ? ನಾ ಆ ಡಬ್ಬೀನೇ ಒಗದುಬಿಟ್ಟೆನಲ್ಲೋ.”

ಫಿರೋಜನ ಲೈನ್ ಉಳಿಯಿತು. ನನಗೆ ಶಿಕ್ಷೆ: ಆರು ತಿಂಗಳು, ಪ್ರತಿ ಸೋಮವಾರ ಎರಡೂ ಊರಿಗೆ ಹೋಗಿ ನೋಡಿಕೊಂಡು ಬರುವುದು. ಸ್ಪೀಕರ್ ಆರಿಸಿರಲಿಲ್ಲ. ಮೌಶಿ ಎಲ್ಲ ಕೇಳಿಸಿಕೊಂಡಿದ್ದರು.

“ತಮ್ಮಾ, ಸೋಮವಾರ ಬರಾಗ ಉಂಡು ಬರಬ್ಯಾಡ. ಚಹಾಕ್ಕ ಸಕ್ಕರಿ ಹಾಕ್ತೇನಿ.”

ಸಭೆ ಮುಗಿದ ಮೇಲೆ ಸುಮನ ಮೇಡಂ, “ಧೈರ್ಯ ಬೇಕಪ್ಪ ಹಿಂಗ ಎದ್ದು ನಿಲ್ಲಾಕ,” ಅಂದರು. ನಾನು ತಲೆ ತಗ್ಗಿಸಿ, ಗಂಭೀರವದನನಾಗಿ, ಸತ್ಯಸಂಧರಿಗೆ ಒಪ್ಪುವ ರೀತಿಯಲ್ಲಿ ನಿಂತೆ.

ಈ ಪುಸ್ತಕ ನಾನೊಬ್ಬನೇ ಓದುವುದರಿಂದ ಬರೆದಿಡುತ್ತೇನೆ. ಸರ್ ಕೇಳಿದಾಗ ಎದ್ದು ನಿಂತ ಫಿರೋಜ ಭಾಯ್ ಕಿಸೆಯಿಂದ ಮೊಬೈಲ್ ತೆಗೆದ. ಮಾರ್ಚಿನಲ್ಲಿ ತಂತಿ ಎಳೆಯುವಾಗ ಅವನು ಎರಡೂ ಕಂಪ್ಯೂಟರಿನ ಹಿಂಬದಿಯ ಫೋಟೊ ಹೊಡೆದಿದ್ದ, ಚೀಟಿ, ಕಿರೀಟ ಎಲ್ಲ ಸೇರಿ. ಅದು ನನಗೆ ಗೊತ್ತಿತ್ತು. ಈಗ ತೋರಿಸ್ತಾನೆ ಅಂತ ಅಂಜಿದೆ, ಅದಕ್ಕೇ ಅವನಿಗಿಂತ ಮೊದಲು ಎದ್ದೆ.

ಹೊರಗೆ ಚಹಾ ಕುಡಿಯುವಾಗ ಕೇಳಿದೆ, “ಭಾಯ್, ಒಳಗ ಮೊಬೈಲ್ ಯಾಕ ತೆಗದಿ?”

“ಟೈಮ್ ನೋಡಾಕ. ನಾಕರ ಭಾಲ್ಕಿ ಬಸ್ಸು ತಪ್ಪಬಾರದಲ್ಲ.”